ಭೂನ್ಯಾಯಮಂಡಳಿಯ ಆದೇಶವಿದ್ದರೂ ಪಹಣಿಯಲ್ಲಿ ಹಳೆಯ ಒಡೆಯರ ಹೆಸರು: ಪ್ರತಿಕ್ರಿಯೆ
ಸಾಗರದ ಕಡೆಯ ನಿಮ್ಮ ಅಜ್ಜನ ಗೇಣಿ ಜಮೀನು, ಗೇಣಿದಾರರ ಹಕ್ಕನ್ನು ತೀರ್ಮಾನಿಸುವ ಭೂನ್ಯಾಯಮಂಡಳಿಯಲ್ಲಿ ಅವರ ಪರವಾಗಿ ತೀರ್ಮಾನವಾಗಿದ್ದರೂ ಪಹಣಿ ಬದಲಾಗಿಲ್ಲವೆಂದರೆ, ಬಹುಶಃ ಆದೇಶದ ನಂತರ ಸರ್ಕಾರಕ್ಕೆ ಪ್ರೀಮಿಯಂ ಹಣ ಕಟ್ಟಿ, ಗೇಣಿದಾರರ ಹಕ್ಕನ್ನು ದಾಖಲಿಸುವ ನಮೂನೆ 10ರ ಪ್ರಮಾಣಪತ್ರವನ್ನು ಯಾರೂ ಪಡೆದಿಲ್ಲ. ನಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತು.

ಮೊದಲು ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಗೇಣಿದಾರರು ಜಮೀನಿನ ಹಕ್ಕು ಕೋರಿ ಸಲ್ಲಿಸಿದ ನಮೂನೆ 7ರ ಅರ್ಜಿ ಹಾಗೂ ಆದೇಶದ ದೃಢೀಕೃತ ನಕಲು ಪಡೆದು, ಸರ್ವೆ ನಂಬರನ್ನೂ ವಿಸ್ತೀರ್ಣವನ್ನೂ ಪಹಣಿಯೊಂದಿಗೆ ತಾಳೆ ನೋಡಿ. ಆದೇಶವನ್ನು ಯಾರಾದರೂ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರೆ ದಾರಿಯೇ ಬೇರೆಯಾಗುತ್ತದೆ; ಅದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ. ಪ್ರಶ್ನಿಸಿಲ್ಲವಾದರೆ ನಮೂನೆ 10ಕ್ಕಾಗಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಅದು ಕೈಸೇರಿದ ಮೇಲೆ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ), ಆಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ.

ಮಾತು ಬಿಟ್ಟಿರುವ ಒಡೆಯರ ಮನೆಗೆ ಹೋಗಬೇಕೆ ಎಂದು ಕೇಳಿದ್ದೀರಿ. ಹೋಗಬೇಕು, ಅದೂ ಕಚೇರಿಯ ನೋಟಿಸು ಅವರ ಕೈಸೇರುವ ಮುನ್ನವೇ. ಸಾಗರದ ಕಡೆಯ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಒಡೆಯರು ಗೇಣಿಯ ಭತ್ತವನ್ನು ದೊಡ್ಡ ಕೊಳಗದಲ್ಲಿ (ಧಾನ್ಯ ಅಳೆಯುವ ಪಾತ್ರೆಯಲ್ಲಿ) ಅಳೆಯುತ್ತಿದ್ದುದರಿಂದ. ಆ ಅಳತೆಯ ನೋವು ಗೇಣಿದಾರರ ಮನೆಗಳಲ್ಲಿ ಇನ್ನೂ ಆರಿಲ್ಲ. ನಾವು ಹೋದಾಗ ಆ ಮನೆಯ ಹಿರಿಯರು ಅಟ್ಟದಿಂದ ಹಳೆಯ ಕೊಳಗವನ್ನು ತಾವೇ ಇಳಿಸಿ ಜಗಲಿಯ ಮೇಲಿಟ್ಟು, "ಇದರಲ್ಲಿ ಅಳೆದದ್ದು ತಪ್ಪು" ಎಂದರು. ನನ್ನ ತಂದೆ ಅದರ ಕಬ್ಬಿಣದ ಪಟ್ಟಿಯನ್ನು ಬಹಳ ಹೊತ್ತು ಸವರುತ್ತ ಕುಳಿತಿದ್ದರು. ಎಲ್ಲ ಮನೆಗಳಲ್ಲೂ ಹೀಗಾಗದು, ಕ್ಷಮೆಯನ್ನು ಒತ್ತಾಯದಿಂದ ಕೇಳಲೂಬೇಡಿ. ಆದೇಶದ ನಕಲನ್ನು ತೋರಿಸಿ, ತಕರಾರಿಲ್ಲವೆಂಬ ಹೇಳಿಕೆಗೆ ಸಹಿ ಕೇಳಿ. ಅವರು ಕೊಡದಿದ್ದರೂ ನಿಮ್ಮ ಹಕ್ಕು ಆ ಆದೇಶದಲ್ಲೇ ಇರುವುದರಿಂದ ಅರ್ಜಿಯನ್ನು ತಡಮಾಡದೆ ಸಲ್ಲಿಸಿ.