ಕೆಪಿಸಿಸಿ, ಡಿಸಿಸಿ, ಬ್ಲಾಕ್: ಯಾರ ಮೇಲೆ ಯಾರು?

ಕೆಪಿಸಿಸಿ (ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ), ಡಿಸಿಸಿ (ಜಿಲ್ಲಾ ಕಾಂಗ್ರೆಸ್ ಸಮಿತಿ), ಬ್ಲಾಕ್ ಅಂತ ದಿನಾ ಪೇಪರಿನಲ್ಲಿ ಬರುತ್ತೆ, ಇದರಲ್ಲಿ ಯಾರ ಮೇಲೆ ಯಾರು, ತೀರ್ಮಾನ ಮಾಡೋರು ಯಾರು ಅಂತ ಕೇಳಿದ್ದೀರಿ. ನಾನೇನೂ ಪದಾಧಿಕಾರಿಯಲ್ಲ. ಎರಡು ಚುನಾವಣೆಗೆ ಕಾಂಗ್ರೆಸ್ಸಿನ ಬೂತ್ ಏಜೆಂಟ್ ಆಗಿ ಕೂತಿದ್ದೆ, ಅಷ್ಟೇ ನನ್ನ ಅರ್ಹತೆ.

ಪಕ್ಷದ ಸಂವಿಧಾನ ಓದಿದರೆ ಎಲ್ಲವೂ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಬೂತ್ ಸಮಿತಿ, ಅದರ ಮೇಲೆ ಬ್ಲಾಕ್, ಆಮೇಲೆ ಜಿಲ್ಲೆಯ ಡಿಸಿಸಿ, ಅದರ ಮೇಲೆ ಬೆಂಗಳೂರಿನ ಕ್ವೀನ್ಸ್ ರಸ್ತೆಯ ಕೆಪಿಸಿಸಿ, ತುದಿಯಲ್ಲಿ ದಿಲ್ಲಿಯ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿ. ಬ್ಲಾಕಿಗೊಬ್ಬರಂತೆ ಆಯ್ಕೆಯಾದವರು ಪ್ರದೇಶ ಸಮಿತಿಯ ಸದಸ್ಯರು. 2022ರ ಅಕ್ಟೋಬರಿನ ಪಕ್ಷಾಧ್ಯಕ್ಷರ ಚುನಾವಣೆಯಲ್ಲಿ ಶಶಿ ತರೂರ್ ಎದುರು ಖರ್ಗೆಯವರಿಗೆ ಬಿದ್ದ 7,897 ಮತ ಇಂಥ ಪ್ರತಿನಿಧಿಗಳದ್ದೇ. ಇನ್ನೊಂದು, ಪಕ್ಷದ ಜಿಲ್ಲೆಯೂ ಸರ್ಕಾರದ ಜಿಲ್ಲೆಯೂ ಒಂದೇ ಅಂದುಕೊಳ್ಳಬೇಡಿ. ಚಿಕ್ಕೋಡಿ ಜಿಲ್ಲೆಯಾಗಲಿ ಅಂತ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಪಕ್ಷದ ಲೆಕ್ಕದಲ್ಲಿ ಅದಕ್ಕೆ ಬೇರೆಯದೇ ಡಿಸಿಸಿ ಉಂಟು!

ಇದೇನೂ ಹೊಸದಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಭಾಷೆಗೊಂದು ಪ್ರದೇಶ ಸಮಿತಿ ಇರಲಿ ಅಂತ ಕಾಂಗ್ರೆಸ್ ತೀರ್ಮಾನಿಸಿತು. ಆಗ ಕನ್ನಡಿಗರು ಮುಂಬಯಿ, ಮದರಾಸು, ನಿಜಾಮ, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದರು. ರಾಜ್ಯ ಒಂದಾಗಿದ್ದು 1956ರಲ್ಲಿ, ಅದಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಪಕ್ಷದೊಳಗೆ ಮಾತ್ರ ಅರ್ಧ ಶತಮಾನ ಮೊದಲೇ ‘ಕರ್ನಾಟಕ’ ಇತ್ತು.

ಈಗ ನಿಮ್ಮ ಅಸಲಿ ಪ್ರಶ್ನೆ. ಕೆಪಿಸಿಸಿ ಅಧ್ಯಕ್ಷರನ್ನು ನೇಮಿಸೋದು ಹೈಕಮಾಂಡ್. ಡಿಸಿಸಿ ಅಧ್ಯಕ್ಷರ ಪಟ್ಟಿಯೂ ದಿಲ್ಲಿಯಿಂದಲೇ ಬರುತ್ತದೆ. ಟಿಕೆಟ್ಟಿಗೆ ಸ್ಕ್ರೀನಿಂಗ್ ಕಮಿಟಿ ಹೆಸರು ಸೋಸುತ್ತದೆ, ಕೇಂದ್ರ ಚುನಾವಣಾ ಸಮಿತಿ ಅಂತಿಮ ಮಾಡುತ್ತದೆ. ಹಾಗಾದರೆ ರಾಜ್ಯಾಧ್ಯಕ್ಷರಿಗೆ ಉಳಿಯೋದೇನು ಅಂತೀರಾ? ಬಿ ಫಾರಂ, ಅಂದರೆ ಇಂಥವರೇ ನಮ್ಮ ಪಕ್ಷದ ಅಭ್ಯರ್ಥಿ ಅಂತ ಬರೆದುಕೊಡೋ ಪತ್ರ. ಅದಕ್ಕೆ ಯಾರು ಸಹಿ ಹಾಕಬಹುದು ಅಂತ ಪಕ್ಷ ಎ ಫಾರಂನಲ್ಲಿ ಮೊದಲೇ ಬರೆದುಕೊಡುತ್ತದೆ. ಶಾಯಿಯಲ್ಲೇ ಸಹಿ ಬೀಳಬೇಕು, ರಬ್ಬರ್ ಸ್ಟಾಂಪ್ ನಡೆಯಲ್ಲ, ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಪಟ್ಟಿಯಲ್ಲಿ ಹೆಸರಿದ್ದೂ ಬಿ ಫಾರಂ ಕೈಗೆ ಬರೋವರೆಗೆ ಅಭ್ಯರ್ಥಿಗೆ ನಿದ್ದೆ ಬರಲ್ಲ ಅನ್ನೋದು ಇದಕ್ಕೇ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಅಲ್ಲಿ ಬ್ಲಾಕಿನವರದೇ ದರ್ಬಾರು.

ಬಿಜೆಪಿಯಲ್ಲಿ ಬ್ಲಾಕ್ ಬದಲು ಮಂಡಲ, ಕೆಲವು ಬೂತ್ ಸೇರಿ ಶಕ್ತಿ ಕೇಂದ್ರ, ಮತದಾರರ ಪಟ್ಟಿಯ ಹಾಳೆಗೊಬ್ಬ ಪೇಜ್ ಪ್ರಮುಖ್. ಅಧ್ಯಕ್ಷರ ಪಕ್ಕದಲ್ಲಿ ಸಂಘದಿಂದ (ಆರೆಸ್ಸೆಸ್) ಬಂದ ಸಂಘಟನಾ ಪ್ರಧಾನ ಕಾರ್ಯದರ್ಶಿ ಇರುತ್ತಾರೆ. ಅಧ್ಯಕ್ಷರಷ್ಟೇ ಇವರನ್ನೂ ಕಾರ್ಯಕರ್ತರು ಗಮನಿಸುತ್ತಾರೆ. ಟಿಕೆಟ್ ಅಲ್ಲೂ ದಿಲ್ಲಿಯದೇ.

ನನ್ನ ಪಾಲಿಗೆ ಪಕ್ಷ ಅಂದರೆ ಬೆಳಗಿನ ಐದೂವರೆಯ ಶಾಲೆಯ ಕೊಠಡಿ. ಏಜೆಂಟಿನ ನೇಮಕಕ್ಕೆ ಫಾರಂ 10 ಕೊಟ್ಟು ಒಳಗೆ ಹೋದರೆ ಮೊದಲು ಅಣಕು ಮತದಾನ, ಕನಿಷ್ಠ 50 ಮತ ಒತ್ತಿ, ಎಣಿಸಿ, ಅಳಿಸಬೇಕು. ಆಮೇಲೆ ಇಡೀ ದಿನ ಮತ ಹಾಕಿದವರ ಹೆಸರಿಗೆ ಪಟ್ಟಿಯಲ್ಲಿ ಗೀಟು ಹಾಕೋದು. ನನ್ನ ಪಕ್ಕ ಕೂತಿದ್ದ ಬಿಜೆಪಿ ಏಜೆಂಟ್ ನಮ್ಮ ಬೀದಿಯವನೇ. ಯಾರ ಅಜ್ಜಿ ಇನ್ನೂ ಬಂದಿಲ್ಲ ಅನ್ನೋದು ಇಬ್ಬರಿಗೂ ಬಾಯಿಪಾಠ. ಮಧ್ಯಾಹ್ನ ಅವನ ಕಡೆಯ ಪುಳಿಯೋಗರೆ ಮೊದಲು ಬಂತು, ಇಬ್ಬರೂ ತಿಂದೆವು. ಸಂಜೆ, ಬೂತಿನಲ್ಲಿ ಬಿದ್ದ ಮತಗಳ ಲೆಕ್ಕ ಇರೋ ಫಾರಂ 17ಸಿಯ ಪ್ರತಿಯನ್ನು ಅಂಗಿ ಜೇಬಿಗೆ ಮಡಚಿ ಇಟ್ಟುಕೊಳ್ಳುವಷ್ಟರಲ್ಲಿ ಬ್ಲಾಕ್ ಅಧ್ಯಕ್ಷರ ಫೋನು.

“ನಿಮ್ದು ಎಷ್ಟಾಯ್ತಪ್ಪಾ?”

“ಏಳ್ನೂರ ಹನ್ನೆರಡು ಬಿದ್ದಿದೆ ಸಾರ್.”

“ನಮ್ದೆಷ್ಟು?”

ಗೀಟು ಎಣಿಸಿ ಒಂದು ಅಂದಾಜು ಹೇಳಿದೆ. ಅವರು ಅದನ್ನು ಡಿಸಿಸಿಗೆ ಹೇಳಿದರು, ಅಲ್ಲಿಂದ ಕ್ವೀನ್ಸ್ ರಸ್ತೆಗೆ ಹೋಯಿತು.