ಚಿಕನ್ ಸಾಸೇಜ್ ಪ್ಯಾಕೆಟ್ ಮೇಲೆ ಬರೆದಿರುವುದನ್ನು ನಂಬಬಹುದೇ?

ಮಕ್ಕಳ ಡಬ್ಬಿಗೆ ಚಿಕನ್ ಸಾಸೇಜ್, ನಗೆಟ್ಸ್ ಹಾಕುತ್ತೇನೆ, ಪ್ಯಾಕೆಟ್ ಮೇಲಿನ ಮಾತು ನಂಬಬಹುದಾ ಅಂತ ಕೇಳಿದ್ದೀರಿ. ನಾನಂತೂ ಪ್ಯಾಕೆಟ್‌ನ ಮುಂಭಾಗವನ್ನು ಜಾಹೀರಾತು ಅಂದುಕೊಳ್ಳುತ್ತೇನೆ. ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ಓದುತ್ತೇನೆ.

ಹಿಂದುಗಡೆ ಇರುವ ಪದಾರ್ಥಗಳ ಪಟ್ಟಿಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು. ಮುಂದೆ ಕೋಳಿಯ ಹೆಸರನ್ನೋ ಚಿತ್ರವನ್ನೋ ಎತ್ತಿ ತೋರಿಸಿದ್ದರೆ, ಅದು ಶೇಕಡಾ ಎಷ್ಟಿದೆ ಅಂತಲೂ ಬರೆಯಬೇಕು. ಅಂಗಡಿಯಲ್ಲಿ ಎರಡು ಕಂಪನಿಯ ಸಾಸೇಜ್ ಪಕ್ಕಪಕ್ಕ ಹಿಡಿದು ಆ ಶೇಕಡಾ ಹೋಲಿಸಿ ನೋಡಿ. ಕೋಳಿ ಕಡಿಮೆಯಾದ ಕಡೆ ನೀರು, ಸೋಯಾ ಪ್ರೋಟೀನ್, ಸ್ಟಾರ್ಚ್, ಎಣ್ಣೆ ಮೇಲೆ ಬಂದಿರುತ್ತವೆ. ಅವು ವಿಷವೇನಲ್ಲ. ಆದರೆ ಕೋಳಿಯ ದುಡ್ಡು ಕೊಟ್ಟು ಸ್ಟಾರ್ಚ್ ಯಾಕೆ ತರಬೇಕು? ಮನೆಯಲ್ಲಿ ಯಾರಿಗಾದರೂ ಸೋಯಾ, ಗೋಧಿ, ಹಾಲಿನ ಅಲರ್ಜಿ ಇದ್ದರೆ ಈ ಪಟ್ಟಿ ಓದದೆ ಪ್ಯಾಕೆಟ್ ತರಲೇಬೇಡಿ. ಇನ್ನು ಆ ಕಂದು ಬಣ್ಣದ ಗುರುತು ಮಾಂಸಾಹಾರ ಅಂತ ಮಾತ್ರ ಹೇಳುತ್ತದೆ, ಯಾವ ಪ್ರಾಣಿ ಅಂತಲ್ಲ.

ಪಟ್ಟಿಯೇ ಸುಳ್ಳಾದರೆ? ಅದೂ ಆಗಿದೆ. 2013ರಲ್ಲಿ ಐರ್ಲೆಂಡ್‌ನ ಆಹಾರ ಸುರಕ್ಷತಾ ಸಂಸ್ಥೆ ದನದ ಮಾಂಸದ ಬರ್ಗರ್‌ಗಳಲ್ಲಿ ಕುದುರೆಯ ಡಿಎನ್‌ಎ ಪತ್ತೆ ಮಾಡಿತು. ಆಮೇಲೆ ಯುರೋಪಿನ ಎಷ್ಟೋ ದೇಶಗಳಲ್ಲಿ ಮಾಲು ವಾಪಸ್ ಹೋಯಿತು. ಅಂಥದ್ದನ್ನು ನಾವು ಮನೆಯಲ್ಲಿ ಕೂತು ಹಿಡಿಯಲು ಆಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಅನುಮಾನ ಬಂದರೆ ಪ್ಯಾಕೆಟ್ ಎಸೆಯದೆ ಇಟ್ಟುಕೊಂಡು ಎಫ್‌ಎಸ್‌ಎಸ್‌ಎಐಗೆ ದೂರು ಕೊಡಿ.

ಪಟ್ಟಿಯಲ್ಲಿ 250 ಅನ್ನುವ ನಂಬರ್ ಕಂಡರೆ ಅದು ಸೋಡಿಯಂ ನೈಟ್ರೈಟ್. ಸಾಸೇಜ್, ಸಲಾಮಿ, ಹ್ಯಾಮ್‌ಗೆ ಆ ಗುಲಾಬಿ ಬಣ್ಣ ಕೊಡುವುದು ಇದೇ. ಬೊಟುಲಿಸಂ ಎಂಬ ಜೀವಕ್ಕೇ ಅಪಾಯವಾಗುವ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾವನ್ನು ತಡೆಯುವುದೂ ಇದೇ, ಹಾಗಾಗಿ ಸುಮ್ನೆ ಬೈಯಲಾಗದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಕೂಡ ಅದೇ ಗುಂಪಿನಲ್ಲಿದೆ. ಎರಡೂ ಅಷ್ಟೇ ಅಪಾಯ ಅಂತ ಇದರ ಅರ್ಥವಲ್ಲ, ಸಾಕ್ಷಿ ಅಷ್ಟೇ ಗಟ್ಟಿ ಅಂತ. ದಿನಾ 50 ಗ್ರಾಂ ಇಂಥ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆ ಅನ್ನುವುದು ಅವರ ಅಂದಾಜು. ಅದು ದಿನಾ ತಿನ್ನುವವರ ಲೆಕ್ಕ. ಅಪರೂಪಕ್ಕೆ ಒಂದು ಸಾಸೇಜ್ ಕೊಟ್ಟಿದ್ದಕ್ಕೆ ಹೆದರಬೇಡಿ, ದಿನದ ಡಬ್ಬಿಗೆ ಮೊಟ್ಟೆ ಹಾಕಿ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಫ್ರಿಜ್‌ನದು. ಪ್ಯಾಕೆಟ್ ಮೇಲೆ ಮೈನಸ್ 18 ಡಿಗ್ರಿ ಅಂತ ಇರುತ್ತದೆ, ನಮ್ಮಲ್ಲಿ ಕರೆಂಟ್ ಹೋಗುವುದು ಗೊತ್ತಲ್ವಾ? ನಗೆಟ್ಸ್ ಎಲ್ಲಾ ಒಂದೇ ಗಡ್ಡೆಯಾಗಿ ಅಂಟಿಕೊಂಡು ಒಳಗೆ ಐಸ್ ಕಟ್ಟಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಅಂಥದ್ದನ್ನು ನಾನು ತರುವುದಿಲ್ಲ. ಹೊರಗೆ ಕೆಂಪಗೆ ಕರಿದಂತೆ ಕಂಡರೂ ಕೆಲವು ನಗೆಟ್ಸ್ ಒಳಗೆ ಹಸಿಯೇ ಇರುತ್ತವೆ, ಬೇಯಿಸುವ ವಿಧಾನ ಓದಿ.

ಮನೆಯಲ್ಲಿ ಬಸುರಿಯರೋ ವಯಸ್ಸಾದವರೋ ಇದ್ದರೆ ಇನ್ನೊಂದು ಮಾತು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017-18ರಲ್ಲಿ ಪೊಲೊನಿ ಎಂಬ ಸಾಸೇಜ್‌ನಿಂದ ಇದು ಹರಡಿ 200ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹಸುಗೂಸುಗಳೇ ಬಹಳ. ಬಸುರಿಯರಿಗೆ, ವಯಸ್ಸಾದವರಿಗೆ ಸಲಾಮಿ, ಹ್ಯಾಮ್ ತಣ್ಣಗೆ ಸ್ಯಾಂಡ್‌ವಿಚ್‌ಗೆ ಇಟ್ಟು ಕೊಡಬೇಡಿ, ಹಬೆಯಾಡುವಷ್ಟು ಬಿಸಿ ಮಾಡಿ ಕೊಡಿ.