ಗ್ಯಾಸ್ ಬಿಲ್ ಇಳಿಯಬೇಕೇ? ಮೊದಲು ಬಾಯ್ಲರ್ ನೀರಿನ ಬಿಸಿ ಇಳಿಸಿ
ಮ್ಯಾಂಚೆಸ್ಟರ್‌ನಲ್ಲಿ ಬಾಡಿಗೆ ಮನೆ, ಕಾಂಬಿ ಬಾಯ್ಲರ್ (ನಲ್ಲಿಗೂ ಹೀಟಿಂಗಿಗೂ ಒಂದೇ, ಬಿಸಿನೀರು ಶೇಖರಿಸದ ಬಾಯ್ಲರ್). ಕೋಣೆಯ ಉಷ್ಣತೆ ನಿಗದಿಮಾಡುವ ಥರ್ಮೋಸ್ಟಾಟನ್ನು 18 ಡಿಗ್ರಿಗೆ ಇಳಿಸಿ ನಡುಗುತ್ತ ಕೂತರೂ ಬಿಲ್ ಅಷ್ಟಾಗಿ ಇಳಿದಿಲ್ಲ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಕೈಹಾಕುವುದು ಬಾಯ್ಲರ್‌ನಿಂದ ರೇಡಿಯೇಟರ್‌ಗಳಿಗೆ, ಅಂದರೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕಗಳಿಗೆ, ಹೋಗುವ ನೀರಿನ ಬಿಸಿಗೆ.

ಬಾಯ್ಲರ್ ಮುಂಭಾಗದ ತಿರುಪು ಅಥವಾ ಗುಂಡಿಗಳ ಬಳಿ ಎರಡು ಚಿತ್ರ ಇರುತ್ತವೆ: ಒಂದು ನಲ್ಲಿ, ಇನ್ನೊಂದು ರೇಡಿಯೇಟರ್. ನಲ್ಲಿಯದನ್ನು ಹಾಗೇ ಬಿಡಿ. ರೇಡಿಯೇಟರಿನದು ಸಾಮಾನ್ಯವಾಗಿ 70–80 ಡಿಗ್ರಿಯಲ್ಲಿರುತ್ತದೆ, 55–60ಕ್ಕೆ ತನ್ನಿ. ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಕಂಡೆನ್ಸಿಂಗ್ ಬಾಯ್ಲರ್ (ಈಗಿನ ಕಾಂಬಿಗಳು ಬಹುತೇಕ ಈ ಬಗೆಯವೇ) ಆ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುತ್ತದೆ. ಆದರೆ ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ. 80ರಲ್ಲಿ ಹೊರಟ ನೀರು 60ರ ಆಸುಪಾಸಿನಲ್ಲಿ ಮರಳುತ್ತದೆ, ಆಗ ಆವಿಯ ಶಾಖ ಹೊಗೆಕೊಳವೆಯ ಪಾಲು. ಇಳಿಸಿದ ಮೇಲೆ ಬಾಯ್ಲರ್ ಅಡಿಯಿಂದ ಮೋರಿಗೆ ಹೋಗುವ ಪ್ಲಾಸ್ಟಿಕ್ ಪೈಪಿನ ತುದಿ ನೋಡಿ. ಹೀಟಿಂಗ್ ನಡೆಯುವಾಗ ನೀರು ತೊಟ್ಟಿಕ್ಕುತ್ತಿದ್ದರೆ ಉಳಿತಾಯ ಶುರುವಾಗಿದೆ.

ರೇಡಿಯೇಟರ್ ಇನ್ನು ಮೊದಲಿನ ಹಾಗೆ ಕೈ ಸುಡುವುದಿಲ್ಲ, ಕೋಣೆ ನಿಧಾನಕ್ಕೆ ಬೆಚ್ಚಗಾಗುತ್ತದೆ. ಹೆಚ್ಚಿನವರು ಇಲ್ಲೇ ಹೆದರಿ ಮತ್ತೆ ಏರಿಸುವುದು. ಅದರ ಬದಲು ಟೈಮರ್ ಅರ್ಧ ಗಂಟೆ ಮುಂಚೆ ಇಡಿ. ಕಡುಚಳಿಯ ದಿನ ಸಾಲದಿದ್ದರೆ 5 ಡಿಗ್ರಿ ಏರಿಸಿ. ನಲ್ಲಿಯ ಬಿಸಿನೀರು ಟ್ಯಾಂಕಿನಲ್ಲಿ (ಸಿಲಿಂಡರ್) ಶೇಖರವಾಗುವ ಮನೆಯಲ್ಲಿ ಮಾತ್ರ ಇಷ್ಟು ಇಳಿಸಬಾರದು. ಆ ನೀರು 60 ಡಿಗ್ರಿ ಮುಟ್ಟದಿದ್ದರೆ ಶ್ವಾಸಕೋಶದ ಕಾಯಿಲೆ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ರೇಡಿಯೇಟರಿನ ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣಿದ ಮೇಲೆ ಬಟ್ಟೆ ಹಿಡಿದು, ಮೇಲ್ತುದಿಯ ಚೌಕ ಮೊಳೆಯನ್ನು ರೇಡಿಯೇಟರ್ ಕೀಲಿಯಿಂದ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ಸೆಂದು ಗಾಳಿ ಹೋಗಿ ನೀರು ಜಿನುಗಿದೊಡನೆ ಬಿಗಿ ಮಾಡಿ. ಆಮೇಲೆ ಬಾಯ್ಲರಿನ ಪ್ರೆಶರ್ ನೋಡಲು ಮರೆಯಬೇಡಿ, ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಕೆಳಗಿನ ನಡುಭಾಗ ತಣ್ಣಗಿದ್ದರೆ ಅದು ಗಾಳಿಯಲ್ಲ, ಕೆಸರು. ಮನೆ ಮಾಲೀಕರಿಗೆ ಹೇಳಿ ತೊಳೆಸಿ.

ರೇಡಿಯೇಟರ್ ಪಕ್ಕದ ತಿರುಪಿನ 1–5 ಅಂಕಿಗಳು ವೇಗವಲ್ಲ, ಕೋಣೆಯ ಉಷ್ಣತೆ. 5ಕ್ಕಿಟ್ಟರೆ ಬೇಗ ಬೆಚ್ಚಗಾಗುವುದಿಲ್ಲ. 3 ಅಂದರೆ ಹೆಚ್ಚುಕಡಿಮೆ 20 ಡಿಗ್ರಿ. ಬಳಸದ ಕೋಣೆಗೆ 2 ಸಾಕು. ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಮಾತ್ರ ಪೂರ್ತಿ ತೆರೆದಿಡಿ, ಇಲ್ಲವಾದರೆ ಎರಡೂ ಒಂದಕ್ಕೊಂದು ಅಡ್ಡಬರುತ್ತವೆ.

ಚಳಿಯೆಂದು ಕಿಟಕಿ ಮೇಲಿನ ಗಾಳಿಕಂಡಿಗಳಿಗೆ ಟೇಪ್ ಅಂಟಿಸಬೇಡಿ. ಅನ್ನ, ಸಾರಿನ ಹಬೆ, ರೇಡಿಯೇಟರ್ ಮೇಲೆ ಒಣಹಾಕಿದ ಬಟ್ಟೆಯ ತೇವ ಹೊರಹೋಗದೆ ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ.